ಫ್ರೀಡಂ ಪಾರ್ಕ್‌ನ ಹಳೆ ಜೈಲಿಗೆ ಶಾಲಾ ಮಕ್ಕಳನ್ನು ಕರೆದೊಯ್ದರೆ ಪ್ರಯೋಜನ ಇದೆಯೇ?

ಎಂಟನೇ ತರಗತಿಯ 60 ಮಕ್ಕಳು, ಕೈಯಲ್ಲಿ ಅರ್ಧ ದಿನ, ‘ಅಲ್ಲಿ ನೋಡೋಕೆ ಏನೂ ಇಲ್ಲವಂತೆ, ಅದರ ಬದಲು ಮೈಸೂರು ಅರಮನೆಗೇ ಹೋಗೋದು ವಾಸಿಯಾ?’ ಎಂದು ಕೇಳಿದ್ದೀರಿ. ಸಮಾಜ ವಿಜ್ಞಾನ ಪಾಠ ಮಾಡುವ ನಾವೆಲ್ಲ ಒಂದಲ್ಲ ಒಂದು ವರ್ಷ ಕೇಳಿಕೊಂಡಿರುವ ಪ್ರಶ್ನೆ ಇದು. ಜೈಲಿಗೇ ಹೋಗಿ. ಅರಮನೆ ಎಲ್ಲೂ ಓಡಿಹೋಗುವುದಿಲ್ಲ, ಮನೆಯವರೂ ಕರೆದುಕೊಂಡು ಹೋಗುತ್ತಾರೆ. ‘ಏನೂ ಇಲ್ಲ’ ಎನ್ನುವ ಮಾತನ್ನಂತೂ ನಾನು ಒಪ್ಪುವುದಿಲ್ಲ.

1975ರ ಜೂನ್ 26ರ ಬೆಳಿಗ್ಗೆಯಿಂದ ಶುರುಮಾಡೋಣ. ಹಿಂದಿನ ರಾತ್ರಿ ದೆಹಲಿಯಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಗಿತ್ತು. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಇಲ್ಲೇ ಬಂಧನಕ್ಕೊಳಗಾಗಿ ಶೇಷಾದ್ರಿ ರಸ್ತೆಯ ಸೆಂಟ್ರಲ್ ಜೈಲು, ಅಂದರೆ ಇಂದಿನ ಫ್ರೀಡಂ ಪಾರ್ಕ್, ಸೇರಿದರು. ಇಬ್ಬರು ಜನಸಂಘದವರು, ಒಬ್ಬರು ಸಮಾಜವಾದಿ, ಇನ್ನೊಬ್ಬರು ಇಂದಿರಾ ಗಾಂಧಿಯವರ ವಿರೋಧಿ ಬಣವಾದ ಸಂಸ್ಥಾ ಕಾಂಗ್ರೆಸ್ಸಿನವರು. ವಿಚಾರಣೆಯೇ ಇಲ್ಲದೆ ಮೀಸಾ (ಆಂತರಿಕ ಭದ್ರತಾ) ಕಾಯ್ದೆಯಡಿ ಇಟ್ಟಿದ್ದನ್ನು ಪ್ರಶ್ನಿಸಿ ಅವರು ಕರ್ನಾಟಕ ಹೈಕೋರ್ಟಿಗೆ ಹೋದರು. ಕೊನೆಗೆ ಇಂಥ ಅರ್ಜಿಗಳೆಲ್ಲ ಸುಪ್ರೀಂ ಕೋರ್ಟಿನಲ್ಲಿ ಒಟ್ಟುಗೂಡಿ, 1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರ, ಎಚ್.ಆರ್. ಖನ್ನಾ ಒಬ್ಬರೇ ವಿರುದ್ಧ ತೀರ್ಪು ಬರೆದರು. ತುರ್ತು ಪರಿಸ್ಥಿತಿ ಮುಗಿದ ಮೇಲೆ 1978ರ 44ನೇ ತಿದ್ದುಪಡಿ ಬಂತು. ಜೀವಿಸುವ ಹಕ್ಕು ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿಯನ್ನು ಇನ್ನು ಮುಂದೆ ತುರ್ತು ಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡುವ ಹಾಗಿಲ್ಲ ಎಂದಾಯಿತು. ಮೂಲಭೂತ ಹಕ್ಕುಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ತರಗತಿ ಕೋಣೆ ಬೆಂಗಳೂರಿನಲ್ಲಿ ಇನ್ನೊಂದಿಲ್ಲ.

ಆದರೆ ದೊಡ್ಡ ನಾಯಕರ ಹೆಸರಿಗೇ ನಿಲ್ಲಬೇಡಿ. ನಟಿ ಸ್ನೇಹಲತಾ ರೆಡ್ಡಿ ಅವರನ್ನು 1976ರ ಮೇ ತಿಂಗಳಲ್ಲಿ ಇದೇ ಜೈಲಿಗೆ ತಂದರು. ತೀವ್ರ ಆಸ್ತಮಾ ಇದ್ದವರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದು ಕೆಲವೇ ದಿನಗಳಲ್ಲಿ ತೀರಿಕೊಂಡರು. ಇನ್ನೂ ಹಿಂದಕ್ಕೆ ಹೋದರೆ ಈಸೂರು. ಶಿಕಾರಿಪುರ ತಾಲ್ಲೂಕಿನ ಆ ಹಳ್ಳಿ 1942ರಲ್ಲಿ ತನ್ನನ್ನು ತಾನೇ ಸ್ವತಂತ್ರ ಎಂದು ಸಾರಿಕೊಂಡಿತು, ಆಮೇಲಿನ ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. 1943ರ ಮಾರ್ಚ್‌ನಲ್ಲಿ ಈಸೂರಿನ ಐವರನ್ನು ಗಲ್ಲಿಗೇರಿಸಿದ್ದು ಬೆಂಗಳೂರಿನ ಈ ಜೈಲಿನಲ್ಲೇ. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಘೋಷಣೆ ಮಕ್ಕಳಿಗೆ ಒಂದು ಸಲ ಹೇಳಿದರೆ ಸಾಕು, ಮರೆಯುವುದಿಲ್ಲ. ಅಧಿಕಾರಿಗಳು ಸತ್ತ ಸಂಗತಿಯನ್ನು ಮುಚ್ಚಿಡಬೇಡಿ. ಅದನ್ನು ಬಿಟ್ಟರೆ ಗಲ್ಲು ಯಾಕಾಯಿತು ಎಂದು ಮಕ್ಕಳಿಗೆ ಅರ್ಥವಾಗುವುದಿಲ್ಲ. ಹಾಗೆಯೇ ಅದು ನ್ಯಾಯವೋ ಅಲ್ಲವೋ ಎಂದು ವಾದಿಸಲು ಅವರಿಗೆ ಏನೂ ಉಳಿಯುವುದಿಲ್ಲ.

ಇಷ್ಟೆಲ್ಲ ಇದ್ದೂ ಹೆಚ್ಚಿನ ಶಾಲೆಗಳ ಭೇಟಿ ಕೆಡುವುದು ಒಂದೇ ತಪ್ಪಿನಿಂದ: ವರ್ಕ್‌ಶೀಟ್. ಇದನ್ನು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನೀವೂ ಅದನ್ನೇ ಮೊದಲು ತಯಾರಿಸುತ್ತೀರಿ. ಜೈಲು ಕಟ್ಟಿದ್ದು ಯಾವಾಗ, ಪಾರ್ಕ್ ಆಗಿದ್ದು ಯಾವಾಗ, ಇಲ್ಲಿದ್ದ ಮೂವರು ನಾಯಕರನ್ನು ಹೆಸರಿಸಿ. ಇಂಥ ಹದಿನೈದು ಪ್ರಶ್ನೆಗಳ ಹಾಳೆ ಕೈಗೆ ಬಂದ ಕ್ಷಣವೇ ಮಕ್ಕಳ ಕಣ್ಣು ಕಟ್ಟಡದಿಂದ ಕಿತ್ತುಬಂದು ಅಲ್ಲಿನ ಮಾಹಿತಿ ಬೋರ್ಡಿನ ಮೇಲೆ ಕೂರುತ್ತದೆ. ಮೊದಲು ಉತ್ತರ ಸಿಕ್ಕವನ ಸುತ್ತ ಇಪ್ಪತ್ತು ಜನ ಮುತ್ತಿಕೊಂಡು ನಕಲು ಮಾಡುತ್ತಾರೆ. ಇಪ್ಪತ್ತು ನಿಮಿಷಕ್ಕೆ ಹಾಳೆ ತುಂಬುತ್ತದೆ. ಹಾಳೆ ತುಂಬಿದ ಮೇಲೆ ಭೇಟಿ ಮುಗಿಯಿತು ಎಂದೇ ಅವರ ಲೆಕ್ಕ, ಉಳಿದ ಹೊತ್ತೆಲ್ಲ ಸೆಲ್ಫಿ ಮತ್ತು ಕುರ್ಕುರೆ. ಆಗ ಮೇಷ್ಟ್ರಿಗೂ ‘ಇಲ್ಲಿ ಏನೂ ಇಲ್ಲ’ ಅನಿಸುತ್ತದೆ. ನಿಮಗೆ ಹಾಗೆ ಹೇಳಿದವರು ಬಹುಶಃ ಇದೇ ಕ್ರಮದಲ್ಲಿ ಹೋಗಿಬಂದವರು. ಇಸವಿಗಳು ಬೇಕಿದ್ದರೆ ಹಿಂದಿನ ದಿನ ಶಾಲೆಯಲ್ಲೇ ಕರಿಹಲಗೆಯ ಮೇಲೆ ಬರೆದು ಮುಗಿಸಿ: ಜೈಲು 1860ರ ದಶಕದ್ದು, ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದದ್ದು 2000ದ ಹೊತ್ತಿಗೆ, ಫ್ರೀಡಂ ಪಾರ್ಕ್ ತೆರೆದದ್ದು 2008ರಲ್ಲಿ. ಅಲ್ಲಿಗೆ ಹೋದಾಗ ಬೋರ್ಡಿನಲ್ಲಿ ಉತ್ತರ ಸಿಗುವ ಒಂದೇ ಒಂದು ಪ್ರಶ್ನೆಯನ್ನೂ ಕೇಳಬಾರದು. ಅಳೆದು, ನಿಂತು, ಕಣ್ಣಾರೆ ನೋಡಿದರೆ ಮಾತ್ರ ಉತ್ತರ ಸಿಗುವ ನಾಲ್ಕು ಪ್ರಶ್ನೆ ಸಾಕು.

60 ಮಕ್ಕಳನ್ನು 15ರ ನಾಲ್ಕು ಗುಂಪು ಮಾಡಿ. ಗುಂಪಿಗೊಬ್ಬರು ಶಿಕ್ಷಕರು, ಶೌಚಾಲಯ, ನೀರು, ಹುಷಾರಿಲ್ಲದ ಮಗು ಇವನ್ನು ನೋಡಿಕೊಳ್ಳಲು ಐದನೆಯವರು. ನಾಲ್ಕು ಜಾಗ, ಪ್ರತಿ ಜಾಗಕ್ಕೆ 20 ನಿಮಿಷ, ಬದಲಾಯಿಸಲು 5 ನಿಮಿಷ. ಶುರುವಿಗೆ ಹತ್ತು, ಕೊನೆಗೆ ಹದಿನೈದು ಸೇರಿಸಿದರೆ ಎರಡು ಗಂಟೆ. ಹತ್ತಕ್ಕೆ ಒಳಗೆ, ಹನ್ನೆರಡಕ್ಕೆ ಹೊರಗೆ. ಎಲ್ಲರನ್ನೂ ಒಂದೇ ಬ್ಯಾರಕ್‌ಗೆ ನುಗ್ಗಿಸಿದರೆ ಗದ್ದಲದಲ್ಲಿ ಯಾರಿಗೂ ಯಾರ ಮಾತೂ ಕೇಳಿಸುವುದಿಲ್ಲ, ಸಣ್ಣ ಕೋಣೆಯ ಅನುಭವ ಆಗುವುದೇ ಇಲ್ಲ.

ಮೊದಲ ಜಾಗ ನಡುವಿನ ಕಾವಲು ಗೋಪುರ. ಹತ್ತಲು ಬಿಡುವುದಿಲ್ಲ ಎಂದೇ ಇಟ್ಟುಕೊಂಡು ಯೋಜನೆ ಮಾಡಿ, ಬುಡದಲ್ಲಿ ನಿಂತರೆ ಸಾಕು. ಬ್ಯಾರಕ್‌ಗಳು ಗೋಪುರದಿಂದ ಗಾಡಿಚಕ್ರದ ಅರಗಳಂತೆ ಹೊರಟಿದ್ದವು. ಕೆಲವನ್ನು ಕೆಡವಿದ್ದಾರೆ, ಉಳಿದವುಗಳಿಂದಲೇ ನಕ್ಷೆ ಊಹಿಸಬಹುದು. 1791ರಲ್ಲಿ ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಾಮ್ ಪನಾಪ್ಟಿಕನ್ ಎಂಬ ದುಂಡು ಸೆರೆಮನೆಯ ಕಲ್ಪನೆ ಮುಂದಿಟ್ಟ, ನಡುವಿನ ಒಬ್ಬ ಕಾವಲುಗಾರ ಎಲ್ಲರನ್ನೂ ನೋಡಬಲ್ಲ ಎಂಬುದು ಅದರ ಸಾರ. ‘ಇಲ್ಲೂ ಹಾಗೆಯೇ, ಗೋಪುರದಿಂದ ಎಲ್ಲ ಸೆಲ್ ಕಾಣುತ್ತಿತ್ತು’ ಎಂದು ನಾವು ಹೇಳಿಬಿಡುತ್ತೇವೆ. ಹೇಳಬೇಡಿ, ಪರೀಕ್ಷೆ ಮಾಡಿಸಿ. ಐದು ಮಕ್ಕಳು ಗೋಪುರದ ಬಳಿ, ಹತ್ತು ಮಂದಿ ಬೇರೆ ಬೇರೆ ಕಡೆ: ಅಂಗಳದಲ್ಲಿ, ಬ್ಯಾರಕ್‌ನ ಬಾಗಿಲಲ್ಲಿ, ಕಂಬಿಯ ಹಿಂದೆ, ಕೋಣೆಯ ಒಳಮೂಲೆಯಲ್ಲಿ. ಯಾರಿಗೆ ಯಾರು ಕಾಣುತ್ತಾರೆ ಎಂದು ಗುರುತು ಹಾಕಲಿ. ಬಿಸಿಲಲ್ಲಿ ನಿಂತವನ ಕಣ್ಣಿಗೆ ನೆರಳಿನ ಒಳಗೋಣೆ ಬರೀ ಕತ್ತಲೆ, ಆದರೆ ಒಳಗಿರುವವನಿಗೆ ಹೊರಗಿನವನು ಚೆನ್ನಾಗಿ ಕಾಣುತ್ತಾನೆ. ಅಂದರೆ ಇಂಥ ಗೋಪುರ ಕಾಯುವುದು ಸೆಲ್ಲುಗಳ ಒಳಗನ್ನಲ್ಲ, ಅಂಗಳವನ್ನೂ ಓಡಾಟದ ದಾರಿಗಳನ್ನೂ. ಅಂಡಮಾನಿನ ಸೆಲ್ಯುಲಾರ್ ಜೈಲಿನ ಚಿತ್ರ ತೋರಿಸಿ ಹೋಲಿಸಿ. 1906ರಲ್ಲಿ ಮುಗಿದ ಅದಕ್ಕೂ ನಡುಗೋಪುರ, ಏಳು ಸಾಲು ಇದ್ದವು, ಈಗ ಉಳಿದಿರುವುದು ಮೂರು. ಅಲ್ಲಿ ಒಂದು ಸಾಲಿನ ಮುಖ ಇನ್ನೊಂದು ಸಾಲಿನ ಬೆನ್ನಿಗೆ, ಕೈದಿಗಳು ಪರಸ್ಪರ ನೋಡಲೇಬಾರದು ಎಂದು.

ಎರಡನೆಯದು ಸೆಲ್. ಗುಂಪಿಗೆ 5 ಮೀಟರಿನ ಎರಡು ಟೇಪು ಕೊಡಿ. ಉದ್ದ, ಅಗಲ, ಬಾಗಿಲಿನ ಅಗಲ, ಕಂಬಿಗಳ ನಡುವಿನ ಅಂತರ, ಗಾಳಿಕಿಂಡಿ ನೆಲದಿಂದ ಎಷ್ಟು ಎತ್ತರ. ಗಾಳಿಕಿಂಡಿಯ ಅಳತೆಯೇ ಮುಖ್ಯ, ನಿಂತರೆ ಏನು ಕಾಣುತ್ತದೆ, ಕೂತರೆ ಏನು, ಮಲಗಿದರೆ ಏನು ಎಂದು ಬರೆಯಲಿ. ತರಗತಿ ಕೋಣೆಯ ಅಳತೆ ಹಿಂದಿನ ದಿನವೇ ತೆಗೆದಿಟ್ಟಿರಬೇಕು. ವಾಪಸ್ ಬಂದ ಮೇಲೆ ಆ ಸೆಲ್ಲನ್ನು ತರಗತಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆಯಲಿಕ್ಕೆ. ಜೈಲಿನ ಗೋಡೆ, ನೆಲದ ಮೇಲೆ ಮಾತ್ರ ಸೀಮೆಸುಣ್ಣ ಬೇಡ, ಗುರುತಿಗೆ ಹಗ್ಗ ಹಾಸಿ.

ಮೂರನೆಯದು ಗೋಡೆಯ ಎತ್ತರ, ಗಣಿತದ ಮೇಷ್ಟ್ರನ್ನು ಜೊತೆಗೆ ಕರೆತರುವುದಕ್ಕೆ ಒಳ್ಳೆಯ ನೆಪ. 1 ಮೀಟರ್ ಕೋಲು ನೆಟ್ಟಗೆ ನಿಲ್ಲಿಸಿ ನೆರಳು ಅಳೆಯಿರಿ, ಗೋಡೆಯ ನೆರಳನ್ನೂ ಅಳೆಯಿರಿ, ಗೋಡೆಯ ನೆರಳನ್ನು ಕೋಲಿನ ನೆರಳಿನಿಂದ ಭಾಗಿಸಿದರೆ ಎತ್ತರ ಮೀಟರಿನಲ್ಲಿ ಬರುತ್ತದೆ. ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಗೋಡೆಯ ಬುಡದಿಂದ ನೆರಳಿನ ಅಂಚಿಗೆ ನೇರವಾಗಿ, ಲಂಬವಾಗಿ ಅಳೆದರೆ ಉತ್ತರ ಕಡಿಮೆ ಬರುತ್ತದೆ, ಯಾಕೆಂದರೆ ಸೂರ್ಯ ಗೋಡೆಗೆ ಓರೆಯಾಗಿರುತ್ತಾನೆ. ಕೋಲಿನ ನೆರಳು ಯಾವ ದಿಕ್ಕಿಗೆ ಬಿದ್ದಿದೆಯೋ ಅದೇ ದಿಕ್ಕಿನಲ್ಲಿ ಗೋಡೆಯ ನೆರಳನ್ನೂ ಓರೆಯಾಗಿ ಅಳೆಯಬೇಕು. ಎರಡು ಅಳತೆಗಳ ನಡುವೆ ಐದು ನಿಮಿಷಕ್ಕಿಂತ ಹೆಚ್ಚು ಅಂತರ ಬೇಡ, ನೆಲ ಸಮತಟ್ಟಾಗಿರಲಿ, ಮರದ ನೆರಳು ಬೆರೆತ ಕಡೆ ಬೇಡ.

ನಾಲ್ಕನೆಯದು ಮರದ ನೆರಳಲ್ಲಿ ಓದು. ಈಸೂರಿನ ಕಥೆ ಒಂದು ಪುಟ, ಮೀಸಾ ಬಂಧನದ ಕಥೆ ಒಂದು ಪುಟ, ನಿಮ್ಮದೇ ಮಾತಿನಲ್ಲಿ ಬರೆದು ಪ್ರತಿ ತೆಗೆಸಿ. ಮಕ್ಕಳೇ ಗಟ್ಟಿಯಾಗಿ ಓದಲಿ, ಎರಡು ನಿಮಿಷ ಹಾಗೇ ಬಿಡಿ. ಆಮೇಲೆ ಒಂದೇ ಪ್ರಶ್ನೆ: ಈ ಎರಡರಲ್ಲಿ ಯಾವುದಕ್ಕೆ ವಿಚಾರಣೆ ನಡೆದಿತ್ತು, ಯಾವುದಕ್ಕೆ ಇಲ್ಲ, ವಿಚಾರಣೆ ನಡೆದ ಮಾತ್ರಕ್ಕೆ ನ್ಯಾಯ ಸಿಕ್ಕಂತೆಯೇ? ತೀರ್ಪು ನೀವು ಕೊಡಬೇಡಿ.

ಮಾಡಲೇಬಾರದ ಕೆಲವು ಇವೆ, ಇವುಗಳಲ್ಲಿ ನಾನು ರಾಜಿಯಾಗುವುದಿಲ್ಲ. ಮಕ್ಕಳನ್ನು ಸೆಲ್ಲಿನೊಳಗೆ ಬಿಟ್ಟು ಬಾಗಿಲು ಮುಚ್ಚುವುದು, ಒಂದು ನಿಮಿಷಕ್ಕಾದರೂ, ತಮಾಷೆಗಾದರೂ ಬೇಡ. ಹಳೆ ಚಿಲಕ ಸಿಕ್ಕಿಹಾಕಿಕೊಳ್ಳುತ್ತದೆ, ಮುಚ್ಚಿದ ಜಾಗ ಕಂಡರೆ ಉಸಿರುಗಟ್ಟುವ ಮಗು ಪ್ರತಿ ತರಗತಿಯಲ್ಲೂ ಇರುತ್ತದೆ. ಕಂಬಿ ಹಿಡಿದು ನಿಲ್ಲಿಸಿ ಫೋಟೋ ತೆಗೆಯಬೇಡಿ. ದೆವ್ವದ ಕಥೆ ಬೇಡ. ಗಲ್ಲಿನ ವಿಧಾನದ ವರ್ಣನೆಯೂ ಎಂಟನೆಯವರಿಗೆ ಬೇಡ, ಯಾರನ್ನು, ಯಾಕೆ ಎನ್ನುವುದು ಸಾಕು. ಎಲ್ಲಕ್ಕಿಂತ ಮುಖ್ಯ, ‘ಜೈಲಿಗೆ ಹೋಗುವವರು ಕಳ್ಳರು, ಓದದಿದ್ದರೆ ನೀವೂ ಇಲ್ಲಿಗೇ’ ಎನ್ನುವ ಮಾತು ಯಾರ ಬಾಯಿಂದಲೂ ಬರಬಾರದು. ಅಪ್ಪನೋ ಮಾವನೋ ಇವತ್ತು ಪರಪ್ಪನ ಅಗ್ರಹಾರದಲ್ಲಿರುವ ಮಗು ನಿಮ್ಮ 60ರಲ್ಲಿ ಇರಬಹುದು, ಮುಲಾಖತ್‌ಗೆ ಹೋಗಿ ಬಂದಿರಬಹುದು. ಅದು ನಿಮಗೆ ಹೇಳಿರುವುದಿಲ್ಲ. ಒಪ್ಪಿಗೆ ಪತ್ರದಲ್ಲೇ ಎಲ್ಲಿಗೆ, ಏನು ಮಾತಾಡುತ್ತೇವೆ ಎಂದು ಸ್ಪಷ್ಟವಾಗಿ ಬರೆದು, ಕಾರಣ ಕೇಳದೆ ಮಗುವನ್ನು ಶಾಲೆಯಲ್ಲೇ ಉಳಿಸಿಕೊಳ್ಳುವ ಅವಕಾಶ ಕೊಡಿ.

ಇನ್ನು ದಿನದ ಆಯ್ಕೆ. ನಗರದ ಪ್ರತಿಭಟನೆಗಳಿಗೆ ಗೊತ್ತುಮಾಡಿರುವ ಜಾಗ ಫ್ರೀಡಂ ಪಾರ್ಕ್. ವಿಧಾನಸಭೆ ಅಧಿವೇಶನದ ದಿನಗಳಲ್ಲಿ ಸಾವಿರಾರು ಜನ ಸೇರಿದರೆ ಶೇಷಾದ್ರಿ ರಸ್ತೆಯಲ್ಲಿ ಬಸ್ ನಿಲ್ಲಿಸುವುದೇ ಕಷ್ಟ, ಧ್ವನಿವರ್ಧಕದ ಸದ್ದಿಗೆ ಪಾಠ ನಡೆಯುವುದಿಲ್ಲ. ಹಿಂದಿನ ದಿನ ಸ್ಥಳೀಯ ಠಾಣೆಗೆ ಫೋನ್ ಮಾಡಿ ಕೇಳಿ. ದೊಡ್ಡ ರ‍್ಯಾಲಿ ಇದ್ದರೆ ದಿನ ಬದಲಿಸಿ. ಸಣ್ಣ ಧರಣಿಯಾದರೆ ಬದಲಿಸಬೇಡಿ. ಪಾರ್ಕಿನ ಆ ಭಾಗಕ್ಕೆ ಹತ್ತು ನಿಮಿಷ ಮಕ್ಕಳನ್ನು ಕರೆದೊಯ್ದು ಅಂಗನವಾಡಿ ಕಾರ್ಯಕರ್ತೆಯರೋ ರೈತರೋ ಯಾವ ಬೇಡಿಕೆ ಇಟ್ಟಿದ್ದಾರೆ ಎಂದು ದೂರದಿಂದಲೇ ಕೇಳಿಸಿಕೊಳ್ಳಲಿ. ಸರ್ಕಾರದ ವಿರುದ್ಧ ಮಾತಾಡಿದವರನ್ನು ಕೂಡಿಹಾಕಿದ್ದ ಜಾಗದಲ್ಲಿ ಈಗ ಸರ್ಕಾರದ ವಿರುದ್ಧ ಮಾತಾಡಲು ಅನುಮತಿ ಪಡೆಯಬೇಕು. ಎಂಟನೆಯವರು ಇದನ್ನು ಖಂಡಿತ ಚರ್ಚಿಸಬಲ್ಲರು.

ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಅನುಮತಿಯ ಜೊತೆಗೆ ಪಾರ್ಕ್ ನೋಡಿಕೊಳ್ಳುವ ಪಾಲಿಕೆ ಕಚೇರಿಗೂ ಒಂದು ಪತ್ರ ಕೊಡಿ, ಮಕ್ಕಳ ಸಂಖ್ಯೆ, ದಿನ, ಹೊತ್ತು, ಯಾವ ಬ್ಯಾರಕ್‌ಗಳ ಬಾಗಿಲು ತೆರೆದಿರಬೇಕು ಎಂದು ಬರೆದು. ವಾರ ಮುಂಚೆ ಇಬ್ಬರು ಶಿಕ್ಷಕರು ಹೋಗಿ ಯಾವುದಕ್ಕೆ ಬೀಗ ಬಿದ್ದಿದೆ, ಶೌಚಾಲಯ ಮತ್ತು ನೀರು ಹೇಗಿವೆ, ನೆರಳು ಎಲ್ಲಿದೆ ಎಂದು ಕಣ್ಣಾರೆ ನೋಡಿ ಬರಬೇಕು. ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ವಾಪಸ್ ಬಂದ ಎರಡು ದಿನದೊಳಗೆ, ಒಂದು ಪೂರ್ತಿ ಪೀರಿಯಡ್ ಇಟ್ಟುಕೊಂಡು, ನೆಲದ ಮೇಲೆ ಸೆಲ್ ಎಳೆಸಿ, ನಾಲ್ಕು ಗುಂಪಿನ ಅಳತೆಗಳನ್ನೂ ಪಕ್ಕಪಕ್ಕ ಬರೆಸಿ. ಅವು ಒಂದಕ್ಕೊಂದು ತಾಳೆಯಾಗುವುದಿಲ್ಲ. ಯಾಕೆ ಎಂದು ಮಕ್ಕಳೇ ಹುಡುಕಲಿ.