ಹೊಸ ಸೀಲ್ ಹಾಕಿದರೂ ಗೇರ್‌ಬಾಕ್ಸ್ ಆಯಿಲ್ ಸೋರುತ್ತಿದ್ದರೆ

ಎಡಗಡೆ ಡ್ರೈವ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ತಿರುಗುವ ದಂಡ) ಸೀಲ್ ಬದಲಿಸಿ ಹತ್ತೇ ದಿನಕ್ಕೆ ಮತ್ತೆ ಆಯಿಲ್ ತೊಟ್ಟಿಕ್ಕುತ್ತಿದೆ, ಈ ಸಲ ನಾನೇ ಹಾಕುತ್ತೇನೆ ಅಂದಿದ್ದೀರಿ. ಹಾಕಿ, ಆದರೆ ಇನ್ನೊಂದು ಸೀಲ್ ಕೊಳ್ಳುವ ಮೊದಲು ಶಾಫ್ಟ್ ನೋಡಿ. ಇಷ್ಟು ಬೇಗ ಸೋರಿದರೆ ನಾನು ಸೀಲನ್ನು ಕೊನೆಗೆ ಅನುಮಾನಿಸುತ್ತೇನೆ.

ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ (ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ), ಆಯಿಲ್ ಇಳಿಸಿ. ಶಾಫ್ಟ್ ಕಳಚುವ ಮೊದಲು ಒಳಜಾಯಿಂಟನ್ನು (ಶಾಫ್ಟಿನ ಗೇರ್‌ಬಾಕ್ಸ್ ಕಡೆಯ ಕೀಲು) ಹಿಡಿದು ಮೇಲೆ-ಕೆಳಗೆ ಅಲುಗಿಸಿ. ಕೂದಲೆಳೆಯಷ್ಟು ಆಡುವುದು ಸಹಜ. ಲಟಲಟ ಅಂದರೆ ಒಳಗಿನ ಬುಷ್ ಅಥವಾ ಬೇರಿಂಗ್ ಸವೆದಿದೆ, ಯಾವ ಸೀಲೂ ನಿಲ್ಲದು.

ಬಿಚ್ಚುವಾಗ ಶಾಫ್ಟನ್ನು ಎಳೆಯಬೇಡಿ, ಒಳಜಾಯಿಂಟ್ ಬಿಟ್ಟುಕೊಳ್ಳುತ್ತದೆ. ಜಾಯಿಂಟಿಗೂ ಗೇರ್‌ಬಾಕ್ಸಿಗೂ ನಡುವೆ ಪ್ರೈ ಬಾರ್ ಕೊಟ್ಟು ಮೀಟಿ. ಹೊರಬಂದ ಮೇಲೆ ಸೀಲಿನ ಲಿಪ್ (ಶಾಫ್ಟಿಗೆ ಒತ್ತಿಕೊಳ್ಳುವ ರಬ್ಬರ್ ಅಂಚು) ಉಜ್ಜುವ ಜಾಗ ಉಂಗುರದಂತೆ ಹೊಳೆಯುತ್ತಿರುತ್ತದೆ. ಅದರ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಗೀರು ಬಿದ್ದಿದೆ ಅಂತಲೇ ಅರ್ಥ. ತೀರ ಸಣ್ಣದಾಗಿದ್ದು, ಸೀಲ್ ಕೂರುವ ಗೂಡಿನಲ್ಲಿ ಅದನ್ನು ತಡೆದು ನಿಲ್ಲಿಸುವ ಮೆಟ್ಟಿಲಿಲ್ಲದಿದ್ದರೆ ಹೊಸದನ್ನು 1-2 ಮಿ.ಮೀ. ಆಚೀಚೆ ಕೂರಿಸಿ ಲಿಪ್ಪಿಗೆ ಸವೆಯದ ಜಾಗ ಕೊಡಬಹುದು. ಆಳವಾಗಿದ್ದರೆ ಆ ಜಾಯಿಂಟನ್ನೇ ಬದಲಿಸಬೇಕು.

ಹಳೆ ಸೀಲ್ ಕೀಳುವ ಮುಂಚೆ ಅದು ಎಷ್ಟು ಆಳದಲ್ಲಿ ಕೂತಿದೆ ಎಂದು ವರ್ನಿಯರ್‌ನಿಂದ ನಾಲ್ಕು ಕಡೆ ಅಳೆದಿಡಿ. ನಾಲ್ಕೂ ಅಳತೆ ಒಂದೇ ಇಲ್ಲವೆಂದರೆ ಹೋದ ಸಲ ಅದನ್ನು ಓರೆಯಾಗಿ ಬಡಿದಿದ್ದಾರೆ. ನಿಮ್ಮ ಸೋರಿಕೆಗೆ ಅದೊಂದೇ ಸಾಕು. ಕೀಳುವಾಗ ಸ್ಕ್ರೂಡ್ರೈವರ್ ಅಲ್ಯೂಮಿನಿಯಂ ಗೂಡನ್ನು ಗೀರದಿರಲಿ.

ಹೊಸ ಸೀಲಿನಲ್ಲಿ ಲಿಪ್ಪಿನ ಸುತ್ತ ಸ್ಪ್ರಿಂಗ್ ಇರುವ ಬದಿ ಆಯಿಲ್ ಕಡೆಗೆ. ಎಡ-ಬಲದ ಸೀಲ್ ಬೇರೆಬೇರೆ ಇರಬಹುದು. ಬಾಣದ ಗುರುತಿದ್ದರೆ ಗಾಡಿ ಮುಂದೆ ಹೋಗುವಾಗ ಶಾಫ್ಟ್ ತಿರುಗುವ ದಿಕ್ಕಿಗೆ ಅದು ಹೊಂದಬೇಕು. ಲಿಪ್ಪಿಗೆ ಗೇರ್ ಆಯಿಲ್ ಸವರಿ, ಹಿಂದಿನ ಸ್ಪ್ರಿಂಗ್ ಜಾಗ ಬಿಡದಂತೆ ಅದರ ಮೇಲೆ ಒಂದಿಷ್ಟು ಗ್ರೀಸ್ ಮೆತ್ತಿ. ಬಡಿಯುವಾಗ ಸ್ಪ್ರಿಂಗ್ ಹಾರಿ ಹೋಗಿದ್ದು ಹೊರಗಿನಿಂದ ಕಾಣುವುದೇ ಇಲ್ಲ. ಸೀಲಿನ ಹೊರ ಅಳತೆಗಿಂತ ಕೂದಲೆಳೆ ಚಿಕ್ಕದಾದ ಸಾಕೆಟ್ ಇಲ್ಲವೇ ಪೈಪ್ ಇಟ್ಟು ಸುತ್ತಲೂ ಮೆಲ್ಲಗೆ ತಟ್ಟಿ, ನಡುನಡುವೆ ಅಳೆಯಿರಿ.

ಶಾಫ್ಟ್ ವಾಪಸ್ ಹಾಕುವಾಗಲೇ ಹೆಚ್ಚು ಸೀಲ್ ಹಾಳಾಗುವುದು. ಅದರ ಭಾರ ಲಿಪ್ ಮೇಲೆ ಬಿದ್ದರೆ ಶಾಫ್ಟ್ ತುದಿಯ ಸ್ಪ್ಲೈನ್ ಹಲ್ಲುಗಳು ಲಿಪ್ಪನ್ನು ಕತ್ತರಿಸಿಬಿಡುತ್ತವೆ. ಒಬ್ಬರು ಹೊರತುದಿ ಎತ್ತಿ ಹಿಡಿಯಲಿ, ನೀವು ನೇರವಾಗಿ ತೂರಿಸಿ. ಹೊಸ ಸರ್‌ಕ್ಲಿಪ್ (ಶಾಫ್ಟ್ ತುದಿಯನ್ನು ಒಳಗೆ ಹಿಡಿದಿಡುವ ತಂತಿ ಉಂಗುರ) ಟಕ್ಕೆಂದು ಕೂತಿತೇ ಎಂದು ಒಳಜಾಯಿಂಟನ್ನೇ ಹಿಡಿದೆಳೆದು ನೋಡಿ.

ಆಯಿಲ್ ತುಂಬುವ ಮೊದಲು ಬ್ರೀದರ್ (ಗೇರ್‌ಬಾಕ್ಸಿನ ಗಾಳಿ ಹೊರಹೋಗುವ ಕಿಂಡಿ) ಬಿಚ್ಚಿ ಊದಿ. ಅದು ಕಟ್ಟಿಕೊಂಡಿದ್ದರೆ ಬಿಸಿಯಾದಾಗ ಒಳಗಿನ ಒತ್ತಡ ಹೊಸ ಸೀಲನ್ನೂ ದಾಟಿ ಆಯಿಲ್ ನೂಕುತ್ತದೆ.