ತಟ್ಟೆ ಬೇರೆ ಮಾಡಬೇಡಿ, ರಕ್ತ ಪರೀಕ್ಷೆ ಮಾಡಿಸಿ

ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಅಣ್ಣ ರಕ್ತದಾನ ಮಾಡಿದಾಗ ಹೆಪಟೈಟಿಸ್ ಬಿ (ಲಿವರ್‌ಗೆ ತಗುಲುವ ವೈರಸ್ ಸೋಂಕು) ಪಾಸಿಟಿವ್ ಎಂದು ಗೊತ್ತಾಯಿತು. ಕಣ್ಣು ಹಳದಿಯಾಗಿಲ್ಲ, ಸುಸ್ತಿಲ್ಲ, ದಿನಾ ಕೆಲಸಕ್ಕೆ ಹೋಗುತ್ತಾರೆ. ಆದರೂ ಮನೆಯಲ್ಲಿ ಅವರ ತಟ್ಟೆ, ಲೋಟ ಬೇರೆಯಾಗಿವೆ. ವೈದ್ಯರು ಮತ್ತೆ ಪರೀಕ್ಷೆ ಮಾಡಿಸಿ, ಮಾತ್ರೆ ಕೊಡದೆ, ಆರು ತಿಂಗಳಿಗೊಮ್ಮೆ ಬನ್ನಿ ಎಂದಿದ್ದಾರೆ. ‘ನಾನು ಐದು ತಿಂಗಳ ಗರ್ಭಿಣಿ. ಅಮ್ಮನ ಮನೆಗೆ ಹೋಗಬಹುದಾ? ಅಣ್ಣನಿಂದ ಮಗುವಿಗೆ ತೊಂದರೆ ಆಗುತ್ತಾ?’ ಎಂದು ಅವರು ಕೇಳಿದ್ದಾರೆ.

ಪ್ರೀತಿಯ ಸೋದರಿ,

ಹೋಗಿ. ಅಣ್ಣನ ಪಕ್ಕದಲ್ಲೇ ಕೂತು ಊಟ ಮಾಡಿ. ಅದೇ ತಟ್ಟೆ, ಅದೇ ಲೋಟ ಬಳಸಿ. ಒಟ್ಟಿಗೆ ಉಂಡರೆ, ತಬ್ಬಿಕೊಂಡರೆ, ಕೆಮ್ಮಿದರೆ, ಸೀನಿದರೆ ಹೆಪಟೈಟಿಸ್ ಬಿ ಹರಡುವುದಿಲ್ಲ. ಅದು ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ.

ನಿಮ್ಮ ಮನೆಯವರ ಭಯ ಎಲ್ಲಿಂದ ಬಂತು ಎನ್ನುವುದು ನನಗೆ ಅರ್ಥವಾಗುತ್ತದೆ. ಕಾಮಾಲೆ ತರುವ ವೈರಸ್‌ಗಳು ಬೇರೆ ಬೇರೆ ಇವೆ. ಹೆಪಟೈಟಿಸ್ ಎ ಮತ್ತು ಇ ಕೊಳಕು ನೀರು, ಆಹಾರದಿಂದ ಬರುತ್ತವೆ. ಬಿ, ಸಿ ಹಾಗಲ್ಲ. ಎಲ್ಲವನ್ನೂ ಒಂದೇ ಎಂದುಕೊಂಡು ಜನ ತಟ್ಟೆ ಬೇರೆ ಮಾಡುತ್ತಾರೆ. (ಇ ಬಗ್ಗೆ ನಿಮಗೊಂದು ಮಾತು: ಬಸುರಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಅದು ಜೀವಕ್ಕೇ ಅಪಾಯ ತರಬಹುದು. ನೀರು ಕುದಿಸಿಯೇ ಕುಡಿಯಿರಿ.)

ಮನೆಯಲ್ಲಿ ಬೇರೆ ಇಡಬೇಕಾದ್ದು ಅಣ್ಣನ ರೇಜರ್, ಟೂತ್‌ಬ್ರಷ್, ಉಗುರು ಕತ್ತರಿ. ಗಡ್ಡ ಹೆರೆಯುವಾಗ ಚರ್ಮ ಸ್ವಲ್ಪ ಗೀರಿದರೂ ಬ್ಲೇಡಿಗೆ ರಕ್ತ ಹತ್ತುತ್ತದೆ. ಕಣ್ಣಿಗೆ ಕಾಣದಷ್ಟಿದ್ದರೂ ಸಾಕು. ಈ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರಬಲ್ಲದು. ತಟ್ಟೆ ಬೇರೆ ಮಾಡಿದವರು ಬಚ್ಚಲಮನೆಯಲ್ಲಿರುವ ರೇಜರ್ ಕಡೆ ಗಮನ ಕೊಟ್ಟಿದ್ದಾರಾ?

ಇನ್ನೊಂದು ವಿಷಯ ನಿಮ್ಮ ಪತ್ರದಲ್ಲಿ ಇಲ್ಲವೇ ಇಲ್ಲ. ಮನೆಯ ಉಳಿದವರ ರಕ್ತ ಪರೀಕ್ಷೆ ಆಗಿದೆಯಾ? ಅಣ್ಣನಿಗೆ ಸೋಂಕು ಯಾವಾಗ ತಗುಲಿತು ಎಂದು ಈಗ ಹೇಳುವುದು ಕಷ್ಟ. ಆದರೆ ದೊಡ್ಡವರಿಗೆ ತಗುಲಿದರೆ 100ರಲ್ಲಿ 95ಕ್ಕೂ ಹೆಚ್ಚು ಜನರ ದೇಹ ಅದನ್ನು ತಾನೇ ಹೊರಹಾಕುತ್ತದೆ. ಹುಟ್ಟುವಾಗ ತಗುಲಿದರೆ ಉಲ್ಟಾ: 100ರಲ್ಲಿ ಸುಮಾರು 90 ಮಕ್ಕಳಲ್ಲಿ ಅದು ಉಳಿದುಬಿಡುತ್ತದೆ. ಅಣ್ಣನಿಗೂ ಹುಟ್ಟುವಾಗಲೇ ಅಮ್ಮನಿಂದ ಬಂದಿರಬಹುದು. ಹಾಗಾಗಿ ಅಮ್ಮನಿಗೂ ಸೋಂಕು ಇರಬಹುದು, ನಿಮಗೂ ಇರಬಹುದು. ಹೆದರಿಸಲು ಹೇಳುತ್ತಿಲ್ಲ. ಅಮ್ಮನ ತಪ್ಪು ಅಂತಲೂ ಅಲ್ಲ, ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ 25.4 ಕೋಟಿ ಜನ ಹೆಪಟೈಟಿಸ್ ಬಿ ಜೊತೆ ಬದುಕುತ್ತಿದ್ದರು. ಅವರಲ್ಲಿ ಪರೀಕ್ಷೆಯಾಗಿ ಗೊತ್ತಾಗಿದ್ದು 100ಕ್ಕೆ 13 ಮಂದಿಗೆ ಮಾತ್ರ. ಅಣ್ಣ ಆ 13ರಲ್ಲಿ ಒಬ್ಬರು. ರಕ್ತ ಕೊಡಲು ಹೋಗಿದ್ದಕ್ಕೆ ಗೊತ್ತಾಯಿತು. ಅದು ಒಳ್ಳೆಯದೇ ಆಯಿತು.

ಈ ಸೋಂಕು ಇದೆಯಾ ಎಂದು ತಿಳಿಸಲು ಎಚ್‌ಬಿಎಸ್‌ಎಜಿ ಅಂತ ಒಂದು ರಕ್ತ ಪರೀಕ್ಷೆ ಇದೆ. ಈ ವಾರವೇ ಮಾಡಿಸಿ. ಗರ್ಭಿಣಿಯರ ಪರೀಕ್ಷೆಗಳಲ್ಲಿ ಈಗಾಗಲೇ ಆಗಿದ್ದರೆ ಫೈಲ್ ತೆಗೆದು ನೋಡಿ. ಮನೆಯಲ್ಲಿ ಸೋಂಕು ಇಲ್ಲದ, ರಕ್ಷಣೆಯೂ ಇಲ್ಲದ ಎಲ್ಲರೂ ಲಸಿಕೆ ಹಾಕಿಸಿಕೊಳ್ಳಲಿ. ಸಾಮಾನ್ಯವಾಗಿ ಮೂರು ಡೋಸ್. ಬಸುರಿಯರೂ ಹಾಕಿಸಿಕೊಳ್ಳಬಹುದು.

ಮಾತ್ರೆ ಕೊಡಲಿಲ್ಲ ಎಂದು ಬೇಜಾರಾಗಿದ್ದೀರಿ. ವೈರಸ್ ಜಾಸ್ತಿ ಇಲ್ಲದೆ, ಲಿವರ್ ಚೆನ್ನಾಗಿದ್ದರೆ ಕೆಲವರಿಗೆ ತಕ್ಷಣ ಮಾತ್ರೆ ಬೇಕಾಗುವುದಿಲ್ಲ. ಆದರೆ ಆರು ತಿಂಗಳಿಗೊಮ್ಮೆ ಬನ್ನಿ ಎಂದಿದ್ದು ಸುಮ್ನೆ ಅಲ್ಲ. ಈ ಸೋಂಕು ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು, ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವುದು) ಅಥವಾ ಲಿವರ್ ಕ್ಯಾನ್ಸರ್ ತರಬಹುದು. ‘ನನಗೇನೂ ಆಗಿಲ್ಲ’ ಎಂದು ಅಣ್ಣ ತಪ್ಪಿಸಿಕೊಳ್ಳುವ ದಿನ ಬರುತ್ತದೆ. ಅವತ್ತು ನೀವೇ ಕರೆದುಕೊಂಡು ಹೋಗಿ. ಮುಂದೆ ಟೆನೋಫೊವಿರ್ ತರಹದ ಮಾತ್ರೆ ಶುರುವಾದರೆ ತಾವಾಗಿಯೇ ನಿಲ್ಲಿಸಬಾರದು, ವೈರಸ್ ಒಮ್ಮೆಲೇ ಕೆರಳಬಹುದು. ಕುಡಿತ ಬೇಡ. ಕಾಮಾಲೆಗೆ ಒಳ್ಳೆಯದು ಅಂತ ಯಾರೋ ಹೇಳಿದ ಔಷಧಿಯೂ ಬೇಡ. ಹೆಪಟೈಟಿಸ್ ಸಿ ಆಗಿದ್ದರೆ 8ರಿಂದ 12 ವಾರದ ಮಾತ್ರೆಯಲ್ಲೇ 100ರಲ್ಲಿ 95ಕ್ಕೂ ಹೆಚ್ಚು ಜನ ಪೂರ್ತಿ ಗುಣವಾಗುತ್ತಾರೆ. ಬಿ ವಿಷಯದಲ್ಲಿ ಇನ್ನೂ ಅಲ್ಲಿಗೆ ಮುಟ್ಟಿಲ್ಲ. ತಡೆಯಲು ಲಸಿಕೆ ಇದೆ, ಹತೋಟಿಗೆ ಮಾತ್ರೆ ಇದೆ.

ಇನ್ನು ನಿಮ್ಮ ಮಗು. ತೈವಾನ್ 1984ರಲ್ಲಿ ನವಜಾತ ಶಿಶುಗಳಿಗೆ ಈ ಲಸಿಕೆ ಶುರು ಮಾಡಿತು. ಮೊದಲು ಸೋಂಕಿದ್ದ ತಾಯಂದಿರ ಮಕ್ಕಳಿಗೆ, ಆಮೇಲೆ ಎಲ್ಲ ಮಕ್ಕಳಿಗೆ. ಮುಂದಿನ ವರ್ಷಗಳಲ್ಲಿ ಅಲ್ಲಿ ಮಕ್ಕಳ ಲಿವರ್ ಕ್ಯಾನ್ಸರೇ ಕಡಿಮೆಯಾಯಿತು. ನಿಮ್ಮ ರಿಪೋರ್ಟ್ ಏನೇ ಬರಲಿ, ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್ ಬೀಳಬೇಕು. ಪಾಸಿಟಿವ್ ಬಂದರೆ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಲೆಕ್ಕ) ನೋಡಿ, ಬೇಕಿದ್ದರೆ ಹೆರಿಗೆಗೆ ಮೊದಲೇ ನಿಮಗೆ ಮಾತ್ರೆ ಶುರು ಮಾಡುತ್ತಾರೆ. ಮಗುವಿಗೆ ಲಸಿಕೆ ಜೊತೆ ಇಮ್ಯುನೋಗ್ಲಾಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳು) ಇಂಜೆಕ್ಷನ್ ಕೂಡ ಕೊಡಬೇಕೆಂದು ಹೇಳಬಹುದು. ಎದೆಹಾಲು ಧೈರ್ಯವಾಗಿ ಕೊಡಿ.

ಹೆರಿಗೆ ಆಸ್ಪತ್ರೆಯಲ್ಲಿ ಈಗಲೇ ಕೇಳಿಟ್ಟುಕೊಳ್ಳಿ: ಮಧ್ಯರಾತ್ರಿಯೋ ರಜಾದಿನವೋ ಹೆರಿಗೆಯಾದರೆ ಈ ಲಸಿಕೆ ಸಿಗುತ್ತದಾ? ಇಲ್ಲ ಎಂದರೆ ಮೊದಲೇ ತರಿಸಿಡಲು ಹೇಳಿ.

– ಸಂಪಾದಕ