ಹಳೆಯ ಪತ್ತೇದಾರಿ ಸಣ್ಣಕಥೆಯೊಂದನ್ನು ಗೆಳೆಯರೊಂದಿಗೆ ಓದಿ ಚರ್ಚಿಸುವುದು ಹೇಗೆ?

ಕಥೆಯನ್ನು ಎರಡು ಕಂತಿನಲ್ಲಿ ಓದಬೇಕು. ಪತ್ತೇದಾರನು ರಹಸ್ಯವನ್ನು ಬಿಡಿಸಿ ಹೇಳಲು ತೊಡಗುವ ಮುನ್ನ ಎಲ್ಲರೂ ಪುಸ್ತಕ ಮುಚ್ಚಿ, ತಮಗೆ ತೋಚಿದ ಉತ್ತರವನ್ನೂ ಅದಕ್ಕೆ ಆಧಾರವಾದ ಸಾಲನ್ನೂ ಬರೆದಿಟ್ಟುಕೊಳ್ಳಬೇಕು. ಆಧಾರದ ಸಾಲನ್ನು ತೋರಿಸಲಾಗದ ಊಹೆಯಿಂದ ಚರ್ಚೆ ಮುಂದೆ ಸಾಗುವುದಿಲ್ಲ.

ಆರಂಭಕ್ಕೆ ನಾನು ಸೂಚಿಸುವುದು ಆರ್ಥರ್ ಕಾನನ್ ಡಾಯ್ಲ್ ಅವರ 'ಸಿಲ್ವರ್ ಬ್ಲೇಜ್' (1892). ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲುಸೀಮೆಯ ಲಾಯವೊಂದರಿಂದ ಪಂದ್ಯದ ಕುದುರೆ ಕಾಣೆಯಾಗಿದೆ. ಅದರ ತರಬೇತುದಾರ ಬಯಲಿನಲ್ಲಿ ಸತ್ತು ಬಿದ್ದಿದ್ದಾನೆ. ಲಾಯದ ಹುಡುಗನಿಗೆ ಆ ರಾತ್ರಿ ಬಂದ ಕುರಿಮಾಂಸದ ಮಸಾಲೆ ಊಟ, ಇದ್ದಕ್ಕಿದ್ದಂತೆ ಕುಂಟತೊಡಗಿದ ಮೂರು ಕುರಿಗಳು, ಇರುಳಿನಲ್ಲಿ ಸುಮ್ಮನಿದ್ದ ನಾಯಿ, ಇವೆಲ್ಲವನ್ನೂ ಲೇಖಕರು ಉತ್ತರಕ್ಕೆ ಮೊದಲೇ ಓದುಗರ ಮುಂದೆ ಇಟ್ಟಿದ್ದಾರೆ. ನಾಯಿಯ ಸುಳಿವೊಂದರ ಮೇಲೆಯೇ ಅರ್ಧ ಗಂಟೆ ಮಾತನಾಡಬಹುದು, ಏಕೆಂದರೆ ನಡೆದದ್ದನ್ನು ಗುರುತಿಸುವ ನಾವು ನಡೆಯದೆ ಉಳಿದದ್ದನ್ನು ಎಣಿಕೆಗೇ ತೆಗೆದುಕೊಳ್ಳುವುದಿಲ್ಲ. ಕುದುರೆ ಪಂದ್ಯ ನಡೆಯುವ ದಿನಕ್ಕೆ ಕಥೆ ಬರುವ ಮುನ್ನ ಓದು ನಿಲ್ಲಿಸಿ.

ಉತ್ತರ ಗೊತ್ತಾದರೆ ರುಚಿ ಕೆಡುತ್ತದೆಂಬ ಅಂಜಿಕೆ ಬೇಡ. ಎರಡನೆಯ ಓದಿನಲ್ಲಿ, ಪತ್ತೇದಾರ ಷರ್ಲಾಕ್ ಹೋಮ್ಸ್‌ನ ಗೆಳೆಯನಾದ, ಎಲ್ಲವನ್ನೂ ಕಂಡೂ ಅರ್ಥ ಹಚ್ಚದ ವಾಟ್ಸನ್‌ನ ನಿರೂಪಣೆ ಯಾವ ವಿವರವನ್ನು ಎಷ್ಟು ಹಗುರವಾಗಿ ದಾಟಿಸಿದೆ ಎಂಬುದು ಕಾಣತೊಡಗುತ್ತದೆ, ನನಗೆ ಅತ್ಯಂತ ಪ್ರಿಯವಾದ ಚರ್ಚೆ ಇದೇ. ಕಥೆಯ ಲೋಪಗಳನ್ನೂ ಬಿಡದೆ ಚರ್ಚಿಸಿ: ಕುದುರೆ ಪಂದ್ಯದ ನಿಯಮಗಳ ವಿಷಯದಲ್ಲಿ ಇಲ್ಲಿ ತಪ್ಪುಗಳಿವೆ ಎಂಬುದನ್ನು ಡಾಯ್ಲ್ ಅವರೇ 1924ರ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ.